ಮೂಕಿ ಚಿತ್ರಗಳ ಕಾಲದಲ್ಲೇ ಕ್ಯಾಮೆರಾ ಹಿಡಿದ ಕಾರಂತರು

ಮಂಗಳೂರು: ಡಾ. ಕೋಟ ಶಿವರಾಮ ಕಾರಂತ ಎಂದೊಡನೆ ಓದುಗರ ಕಣ್ಮುಂದೆ ಬರುವುದು ಚೋಮ, ಮೂಕಜ್ಜಿ ಮತ್ತು ಯಕ್ಷಗಾನ. ಆದರೆ ಈ ಕಾದಂಬರಿಕಾರ ಚಲನಚಿತ್ರ ನಿರ್ದೇಶಕರೂ ಆಗಿದ್ದರು ಎಂಬುದು ಹೊಸ ಪೀಳಿಗೆಯ ಅನೇಕರಿಗೆ ತಿಳಿದಿರಲಿಕ್ಕಿಲ್ಲ.

1902ರ ಅಕ್ಟೋಬರ್ 10ರಂದು ಕರಾವಳಿಯ ಕೋಟ ಗ್ರಾಮದಲ್ಲಿ ಜನಿಸಿದ ಕಾರಂತರು ಉನ್ನತ ವ್ಯಾಸಂಗಕ್ಕೆಂದು ಮಂಗಳೂರಿನ ಸರಕಾರಿ ಕಾಲೇಜು ಸೇರಿದರು. ಆದರೆ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಓದನ್ನು ಅರ್ಧಕ್ಕೇ ಕೈಬಿಟ್ಟರು. ಖಾದಿ ಪ್ರಚಾರ, ಪತ್ರಿಕೆ, ನಾಟಕಗಳಲ್ಲಿ ತೊಡಗಿದ್ದ ಅವರನ್ನು ಸಿನಿಮಾ ಸೆಳೆದದ್ದು 1930ರ ಸುಮಾರಿಗೆ. ಆಗ ಅವರು 'ಡೊಮಿಂಗೊ' ಮತ್ತು 'ಭೂತರಾಜ್ಯ' ಎಂಬ ಮೂಕಿ ಚಿತ್ರಗಳನ್ನು ರೂಪಿಸಿದರು. ಕನ್ನಡದ ವಾಕ್ಚಿತ್ರ 'ಸತಿ ಸುಲೋಚನ' ತೆರೆಕಂಡದ್ದು 1934ರಲ್ಲಿ ಎಂಬುದನ್ನು ನೆನೆದರೆ ಈ ಸಾಹಸದ ಅರಿವಾದೀತು.

ಆದರೆ ಕಾರಂತರಿಗೆ ನೆಲೆ ಒದಗಿಸಿದ್ದು ಲೇಖನಿಯೇ. ಉಳುವವನಿಗೆ ಸ್ವಂತ ಹೊಲವಿಲ್ಲದ ಸಂಕಟವನ್ನು ಹೇಳುವ 'ಚೋಮನ ದುಡಿ' 1933ರಲ್ಲಿ ಹೊರಬಂತು. ನಲವತ್ತಕ್ಕೂ ಹೆಚ್ಚು ಕಾದಂಬರಿಗಳ ಜತೆಗೆ ಮಕ್ಕಳಿಗಾಗಿ ವಿಶ್ವಕೋಶವನ್ನೂ ಬರೆದ ಅವರು, ಪುತ್ತೂರಿನ ಬಾಲವನವನ್ನು ತಮ್ಮ ಪ್ರಯೋಗಗಳ ಕೇಂದ್ರವಾಗಿಸಿಕೊಂಡರು.

ಬಿ.ವಿ. ಕಾರಂತರು 'ಚೋಮನ ದುಡಿ'ಯನ್ನು ತೆರೆಗೆ ತಂದಾಗ ಅದಕ್ಕೆ 1975ನೇ ಸಾಲಿನ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಲಭಿಸಿತು. ತರುವಾಯ ಎಪ್ಪತ್ತು ದಾಟಿದ್ದ ಶಿವರಾಮ ಕಾರಂತರು ಮತ್ತೆ ನಿರ್ದೇಶನಕ್ಕಿಳಿದು, ತಮ್ಮ 'ಕುಡಿಯರ ಕೂಸು' ಕಾದಂಬರಿಯನ್ನು 'ಮಲೆಯ ಮಕ್ಕಳು' ಹೆಸರಿನಲ್ಲಿ ಚಿತ್ರವಾಗಿಸಿದರು. ಪಶ್ಚಿಮಘಟ್ಟದ ಕಾಡಿನಲ್ಲಿ ಬಾಳುವ ಮಲೆಕುಡಿಯರ ಬದುಕು ಅದರ ವಸ್ತು. ಮೂಕಿ ಯುಗದಲ್ಲಿ ಆರಂಭಿಸಿದ ಯಾತ್ರೆಯನ್ನು ನಾಲ್ಕು ದಶಕಗಳಿಗೂ ಮೀರಿದ ಅಂತರದ ಬಳಿಕ ಮುಂದುವರಿಸಿದ ಇಂತಹ ಉದಾಹರಣೆ ವಿರಳ.

'ಮೂಕಜ್ಜಿಯ ಕನಸುಗಳು' ಕೃತಿಗೆ ಜ್ಞಾನಪೀಠ ಪ್ರಶಸ್ತಿ ಒಲಿದರೂ ಅವರು ಗೌರವಗಳಿಗೆ ಅಂಟಿಕೊಂಡವರಲ್ಲ. ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದರು. ಕೈಗಾ ಅಣುಸ್ಥಾವರವನ್ನು ವಿರೋಧಿಸಿ, ಇಳಿವಯಸ್ಸಿನಲ್ಲಿ 1989ರ ಲೋಕಸಭಾ ಚುನಾವಣೆಗೂ ಸ್ಪರ್ಧಿಸಿದರು. ಗೆಲುವು ದೊರೆಯಲಿಲ್ಲ, ಸ್ಥಾವರವೂ ನಿಲ್ಲಲಿಲ್ಲ. ಆದರೆ ಪರಿಸರದ ಪ್ರಶ್ನೆ ಮತದಾರರ ಮುಂದೆ ಬಂದಿತು.

1997ರ ಡಿಸೆಂಬರ್ 9ರಂದು ಕಾರಂತರು ನಿಧನರಾದರು. ಅವರ ಕಥೆಗಳನ್ನು ಮಾತ್ರ ಸಿನಿಮಾ ಬಿಟ್ಟುಕೊಡಲಿಲ್ಲ. ಪಿ. ಶೇಷಾದ್ರಿ ಅವರು 'ಬೆಟ್ಟದ ಜೀವ', 'ಮೂಕಜ್ಜಿಯ ಕನಸುಗಳು' ಕೃತಿಗಳನ್ನು ತೆರೆಗೆ ತಂದರು. ಕಡಲತೀರದ ಭಾರ್ಗವ ಕಂಡ ಹಳ್ಳಿ, ಕಾಡು, ಕಡಲುಗಳ ಮನುಷ್ಯರು ಹೀಗೆ ಇನ್ನೊಂದು ತಲೆಮಾರನ್ನು ತಲುಪಿದರು.