ಸೆಕೆಗಾಗಿ ಅಲ್ಲ, ಪ್ರಿಂಟಿಂಗ್ ಪ್ರೆಸ್‌ನ ತೊಂದರೆಗಾಗಿ ಹುಟ್ಟಿತ್ತು ಎಸಿ: ವಿಲ್ಲಿಸ್ ಕ್ಯಾರಿಯರ್ ಬದುಕಿನ ಕಥೆ

ಎಸಿ ಇದ್ದಕ್ಕಿದ್ದಂತೆ ನಿಂತು, ಡಿಸ್‌ಪ್ಲೇ ಮೇಲೆ ಇ1, ಎಫ್3 ಎಂಬಂಥ ಕೋಡ್ ಮಿನುಗಿದರೆ ನಾವು ಮೊದಲು ಫೋನ್ ಮಾಡುವುದು ಮೆಕ್ಯಾನಿಕ್‌ಗೆ. ಆತ ಬಂದು ದೋಷ ಎಲ್ಲಿದೆ ಎಂದು ಹುಡುಕುತ್ತಾನೆ. ಅಸಲಿಗೆ, ಮೊದಲ ಆಧುನಿಕ ಎಸಿ ಹುಟ್ಟಿದ್ದೇ ಇಂಥದ್ದೊಂದು ಹುಡುಕಾಟದಿಂದ. ಹುಡುಕಿದವರು ಅಮೆರಿಕದ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್.

ಸೇಬಿನ ಹೋಳಿನಲ್ಲಿ ಗಣಿತ

ಕ್ಯಾರಿಯರ್ ಹುಟ್ಟಿದ್ದು 1876ರ ನವೆಂಬರ್ 26ರಂದು, ನ್ಯೂಯಾರ್ಕ್ ರಾಜ್ಯದ ಅಂಗೋಲಾ ಎಂಬ ಊರಿನಲ್ಲಿ. ಬಾಲಕನಿಗೆ ಭಿನ್ನರಾಶಿ ತಲೆಗೆ ಹತ್ತದಿದ್ದಾಗ ತಾಯಿ ಸೇಬುಗಳನ್ನು ಅರ್ಧ, ಕಾಲು ಎಂದು ಕತ್ತರಿಸಿ ಲೆಕ್ಕ ಕಲಿಸಿದರು. ಸಮಸ್ಯೆಯನ್ನು ಹೋಳು ಮಾಡಿ ನೋಡುವ ಈ ಪಾಠವನ್ನು ಅವರು ಕೊನೆಯವರೆಗೂ ನೆನೆಯುತ್ತಿದ್ದರು. 11ನೇ ವಯಸ್ಸಿಗೇ ತಾಯಿಯನ್ನು ಕಳೆದುಕೊಂಡರು. 1901ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಎಂಜಿನಿಯರಿಂಗ್ ಪದವಿ ಪಡೆದು, ಬಫಲೋ ಫೋರ್ಜ್ ಕಂಪನಿಯಲ್ಲಿ ವಾರಕ್ಕೆ 10 ಡಾಲರ್ ಸಂಬಳಕ್ಕೆ ಸೇರಿದರು.

ತಪ್ಪು ಬಣ್ಣದ್ದಲ್ಲ, ಗಾಳಿಯದ್ದು

ಮರುವರ್ಷವೇ ದೊಡ್ಡ ಪರೀಕ್ಷೆ ಎದುರಾಯಿತು. ಬ್ರೂಕ್ಲಿನ್‌ನ ಸ್ಯಾಕೆಟ್-ವಿಲ್ಹೆಲ್ಮ್ಸ್ ಮುದ್ರಣಾಲಯದಲ್ಲಿ ಬೇಸಿಗೆ ಬಂತೆಂದರೆ ಬಹುವರ್ಣದ ಚಿತ್ರಗಳು ಕೆಡುತ್ತಿದ್ದವು. ಒಂದೊಂದೇ ಬಣ್ಣವನ್ನು ಪ್ರತ್ಯೇಕವಾಗಿ ಅಚ್ಚು ಹಾಕಬೇಕಿತ್ತು. ಅಷ್ಟರಲ್ಲಿ ಕಾಗದ ಗಾಳಿಯ ತೇವ ಹೀರಿ ಹಿಗ್ಗುತ್ತಿತ್ತು, ಒಂದರ ಮೇಲೊಂದು ಬಣ್ಣ ಸರಿಯಾಗಿ ಕೂರುತ್ತಿರಲಿಲ್ಲ. ಹಾಗಾಗಿ ಬರೀ ಸೆಕೆ ಕಡಿಮೆ ಮಾಡಿದರೆ ಸಾಲದು, ತೇವವನ್ನೂ ಹಿಡಿತಕ್ಕೆ ತರಬೇಕಿತ್ತು. ತಣ್ಣನೆಯ ಕಾಯಿಲ್‌ಗಳ ಮೇಲೆ ಗಾಳಿ ಹಾಯಿಸಿ, ವರ್ಷವಿಡೀ ತೇವಾಂಶವನ್ನು ಶೇ 55ರಲ್ಲಿ ಇರಿಸುವ ವ್ಯವಸ್ಥೆಯ ನಕ್ಷೆಯನ್ನು 1902ರ ಜುಲೈ 17ರಂದು ಅವರು ಸಿದ್ಧಪಡಿಸಿದರು. ಆಗ ಅವರಿಗೆ 25 ವರ್ಷ.

ಅದೇ ವರ್ಷ ಪಿಟ್ಸ್‌ಬರ್ಗ್ ರೈಲು ನಿಲ್ದಾಣದ ಮಂಜಿನಲ್ಲಿ ನಿಂತಿದ್ದಾಗ ಮತ್ತೊಂದು ಉಪಾಯ ಹೊಳೆಯಿತು. ತಣ್ಣೀರಿನ ತುಂತುರಿನ ನಡುವೆ ಗಾಳಿ ಹಾಯಿಸಿದರೂ ಹೆಚ್ಚುವರಿ ತೇವ ಇಳಿಯುತ್ತದೆ! ತಣ್ಣೀರು ತುಂಬಿದ ಲೋಟದ ಹೊರಮೈ ಬೆವರುವುದೂ ಇದೇ ಕಾರಣಕ್ಕೆ. ಈ ಯಂತ್ರಕ್ಕೆ 1906ರಲ್ಲಿ ಪೇಟೆಂಟ್ ಸಿಕ್ಕಿತು. ಗಾಳಿಯ ಉಷ್ಣತೆ ಮತ್ತು ತೇವದ ಲೆಕ್ಕಕ್ಕೆ ಅವರು 1911ರಲ್ಲಿ ಮಂಡಿಸಿದ ಸೂತ್ರಗಳು ಎಸಿ ಉದ್ಯಮಕ್ಕೆ ತಳಹದಿಯಾದವು.

ಕೈಬಿಟ್ಟ ಕಂಪನಿ, ಕೈಗೂಡಿದ ಕನಸು

ಮೊದಲ ಮಹಾಯುದ್ಧ ಶುರುವಾದಾಗ ಬಫಲೋ ಫೋರ್ಜ್ ತಯಾರಿಕೆಗಷ್ಟೇ ಸೀಮಿತವಾಗಲು ನಿರ್ಧರಿಸಿ, ಎಸಿ ವಿಭಾಗವನ್ನು ಕೈಬಿಟ್ಟಿತು. ಕ್ಯಾರಿಯರ್ ಮತ್ತು ಆರು ಸಹೋದ್ಯೋಗಿಗಳು ತಮ್ಮ ಉಳಿತಾಯವನ್ನೆಲ್ಲ ಸೇರಿಸಿ, 32,600 ಡಾಲರ್ ಬಂಡವಾಳದಲ್ಲಿ 1915ರಲ್ಲಿ ಸ್ವಂತ ಕಂಪನಿ ತೆರೆದರು. ಸೋತಿದ್ದರೆ ಏಳೂ ಜನರ ಕೈ ಬರಿದಾಗುತ್ತಿತ್ತು. 1922ರಲ್ಲಿ ಅವರು ತೋರಿಸಿದ ಸೆಂಟ್ರಿಫ್ಯೂಗಲ್ ಚಿಲ್ಲರ್ ದೊಡ್ಡ ಕಟ್ಟಡಗಳಿಗೂ ಎಸಿ ತಂದಿತು. 1925ರಲ್ಲಿ ನ್ಯೂಯಾರ್ಕ್‌ನ ರಿವೋಲಿ ಚಿತ್ರಮಂದಿರಕ್ಕೆ ಬೀಸಣಿಗೆ ಹಿಡಿದು ಬಂದ ಪ್ರೇಕ್ಷಕರು ಕೆಲ ಹೊತ್ತಿನಲ್ಲೇ ಅವನ್ನು ಮಡಿಲಿಗಿಟ್ಟರು. 1950ರ ಅಕ್ಟೋಬರ್ 7ರಂದು ಕ್ಯಾರಿಯರ್ ನಿಧನರಾದರು. ಮನೆಮನೆಗೂ ಎಸಿ ತಲುಪುವುದನ್ನು ನೋಡಲು ಅವರು ಇರಲಿಲ್ಲ.

ಇಂದಿಗೂ ಅದೇ ದಾರಿ

ಇಂದಿನ ಎಸಿಯಲ್ಲಿ ಕೋಣೆಯ ಗಾಳಿ, ಕಾಯಿಲ್‌ಗಳ ಉಷ್ಣತೆ ಅಳೆಯುವ ಸೆನ್ಸರ್‌ಗಳಿವೆ. ಅಳತೆ ತಪ್ಪಿದಾಗ ಯಂತ್ರ ಕೋಡ್ ತೋರಿಸುತ್ತದೆ. ಚಳಿಗಾಲದಲ್ಲಿ ದಿಲ್ಲಿಯ ಮನೆಗಳನ್ನು ಬೆಚ್ಚಗಿಡುವ ಹಾಟ್ ಆ್ಯಂಡ್ ಕೋಲ್ಡ್ ಎಸಿ, ಅಂದರೆ ಹೀಟ್ ಪಂಪ್‌ನದ್ದೂ ಇದೇ ಕಥೆ. ಆದರೆ ಒಂದು ಕಂಪನಿಯ ಇ1 ಇನ್ನೊಂದರ ಇ1 ಅಲ್ಲ. ಆದ್ದರಿಂದ ನಿಮ್ಮ ಮಾಡೆಲ್‌ನ ಕೈಪಿಡಿಯನ್ನೇ ನೋಡಬೇಕು. ಕೋಡ್ ಹೇಳುವುದು ಲಕ್ಷಣವನ್ನು, ಕಾರಣವನ್ನು ನಾವೇ ಹುಡುಕಬೇಕು. ಫಿಲ್ಟರ್‌ನಲ್ಲಿ ದೂಳು ಕಟ್ಟಿ ಗಾಳಿ ಕಡಿಮೆಯಾದರೂ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಬಹುದು. ಸೆನ್ಸರ್, ಬೋರ್ಡ್ ಬದಲಿಸಲು ದುಡ್ಡು ಕೊಡುವ ಮುನ್ನ ಕ್ಯಾರಿಯರ್ ಮಾಡಿದಂತೆ ಮೊದಲು ಗಾಳಿಯನ್ನು ಗಮನಿಸಿ.