ಎಣಿಸಬಲ್ಲ ಜೂಜುಗಾರ

ಮಿತ್ರರೊಬ್ಬರು ನನಗೆ ಪೋಕರ್ ಎಂಬ ಇಸ್ಪೀಟಾಟದ ಮೊದಲ ಪಾಠ ಹೇಳಿಕೊಟ್ಟ ಸಂಜೆ ನೆನಪಾದವನು ಇಟಲಿಯ ಜೆರೊಲಾಮೊ ಕಾರ್ಡಾನೊ. ೧೫೦೧ರಲ್ಲಿ ಪಾವಿಯಾದಲ್ಲಿ ಜನಿಸಿದ ಈತ ವೈದ್ಯ, ಬೀಜಗಣಿತಜ್ಞ. ಜೊತೆಗೆ ಕಡು ಜೂಜುಗಾರ. ವಿದ್ಯಾರ್ಥಿದೆಸೆಯಲ್ಲಿ ಹೊಟ್ಟೆ ಹೊರೆದ ಜೂಜೇ ಮುಂದೆ ಹೆಂಡತಿಯ ಒಡವೆಗಳನ್ನು ಒತ್ತೆಯಿಡಿಸಿತು. ಪೋಕರಿನ ಪೂರ್ವಜವೆನ್ನಬಹುದಾದ ನಾಲ್ಕೆಲೆಯ ಪ್ರಿಮೆರೊ ಆಟವನ್ನೂ ದಾಳಗಳನ್ನೂ ಕುರಿತು ಆತ ಗ್ರಂಥ ರಚಿಸಿದ. ಎರಡು ದಾಳಗಳು ೩೬ ಬಗೆಯಾಗಿ ಬೀಳಬಲ್ಲವು; ಅವುಗಳಲ್ಲಿ ನಮಗೆ ಅನುಕೂಲವಾದವು ಎಷ್ಟೆಂದು ಎಣಿಸಿಯೇ ಪಣ ಒಡ್ಡಬೇಕೆಂದು ತೋರಿಸಿದ. ಆಡದಿರುವುದೇ ಜೂಜಿನ ಪರಮ ಲಾಭವೆಂದೂ ಅರಿತಿದ್ದ. ಆದರೂ ಸುಮಾರು ೨೫ ವರ್ಷ ದಾಳ ಉರುಳಿಸಿದನೆಂದು ಆತ್ಮಕಥೆಯಲ್ಲಿ ನಾಚಿಕೆಯಿಂದ ಒಪ್ಪಿಕೊಂಡಿದ್ದಾನೆ. ೧೫೭೬ರಲ್ಲಿ ರೋಮಿನಲ್ಲಿ ತೀರಿಕೊಂಡ. ಜೂಜಿನ ಗ್ರಂಥ ಅಚ್ಚಾದದ್ದು ೧೬೬೩ರಲ್ಲಿ. ಎಲೆಗಳನ್ನು ಎಣಿಸುವುದನ್ನು ನಾನು ಒಂದೇ ಸಂಜೆಯಲ್ಲಿ ಕಲಿತೆ. ಆಟದಿಂದ ಎದ್ದುಬರುವುದನ್ನು ಕಾರ್ಡಾನೊನಂಥ ಗಣಿತಜ್ಞನೂ ಬಹುಕಾಲ ಕಲಿಯಲಿಲ್ಲ.