ಕೃಷಿ ಹೊಂಡದಲ್ಲಿ ಸಿಡಿಯುವ ಲೋಹದ ವಿಡಿಯೋ ನಿಜವೇ? ಸೋಡಿಯಂ ಮತ್ತು ಅದನ್ನು ಕಂಡುಹಿಡಿದ ಹಂಫ್ರಿ ಡೇವಿಯ ಕಥೆ

ಬೆಳ್ಳಿಯಂತೆ ಹೊಳೆಯುವ ಲೋಹದ ತುಂಡನ್ನು ಒಬ್ಬರು ನೀರಿಗೆ ಎಸೆಯುತ್ತಾರೆ. ಒಂದೆರಡು ಕ್ಷಣ ಹೊಗೆ, ಆಮೇಲೆ ಬಾಂಬ್ ಸಿಡಿದಂಥ ಸದ್ದು, ಮೇಲಕ್ಕೆ ಚಿಮ್ಮುವ ನೀರು. ಇಂಥ ವಿಡಿಯೋಗಳು ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತವೆ. ಜೊತೆಗೆ ಮೂರು ಪ್ರಶ್ನೆಗಳು. ಇದು ನಿಜವೇ? ಸೋಡಿಯಂ ಎಂದರೆ ಉಪ್ಪೇ ಅಲ್ಲವೇ? ಶಾಲೆಯ ವಿಜ್ಞಾನ ವಸ್ತು ಪ್ರದರ್ಶನದಲ್ಲಿ ಮಕ್ಕಳು ಇದನ್ನು ಮಾಡಿ ತೋರಿಸಬಹುದೇ?

ಮೊದಲಿಗೇ ಉತ್ತರ ಹೇಳಿಬಿಡುತ್ತೇವೆ. ಸೋಡಿಯಂ ಲೋಹ ನೀರಿನಲ್ಲಿ ಸಿಡಿಯುವುದು ನಿಜ. ಅದು ಅಡುಗೆ ಉಪ್ಪು ಅಲ್ಲ. ಮಕ್ಕಳು ಮಾಡಿ ತೋರಿಸುವ ಪ್ರಯೋಗವಂತೂ ಅಲ್ಲವೇ ಅಲ್ಲ. 2024ರ ಡಿಸೆಂಬರ್‌ನಲ್ಲಿ ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನಲ್ಲಿ ಕೃಷಿ ಹೊಂಡಕ್ಕೆ ಸೋಡಿಯಂ ಹಾಕಿ ಸ್ಫೋಟಿಸಿ ವಿಡಿಯೋ ಮಾಡಿದ ಪ್ರಕರಣದಲ್ಲಿ ಪೊಲೀಸರು ಕೇಸು ದಾಖಲಿಸಿ, ಬಂಧನವನ್ನೂ ಮಾಡಿದರು. ಸ್ಫೋಟ ಎಂದರೇನು ಎಂದು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 2023ರ ಆಗಸ್ಟ್‌ನಲ್ಲಿ ಹಾವೇರಿ ಸಮೀಪದ ಆಲದಕಟ್ಟಿಯ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದು ಕಾರ್ಮಿಕರು ಸತ್ತಿದ್ದನ್ನು ನಾವ್ಯಾರೂ ಮರೆತಿಲ್ಲ.

ಈ ಲೋಹವನ್ನು ಅರ್ಥ ಮಾಡಿಕೊಳ್ಳಲು ಅದನ್ನು ಮೊದಲು ಬೇರ್ಪಡಿಸಿದ ಮನುಷ್ಯನ ಬದುಕನ್ನು ನೋಡುವುದು ಒಳ್ಳೆಯ ದಾರಿ. ಆತ ದೊಡ್ಡ ವಿಜ್ಞಾನಿ. ಎಚ್ಚರಿಕೆ ಬಂದಿದ್ದರೂ ಅಪಾಯಕ್ಕೆ ಕೈ ಹಾಕಿ ಕಣ್ಣಿಗೆ ಪೆಟ್ಟು ಮಾಡಿಕೊಂಡವನೂ ಹೌದು.

ಔಷಧಿ ಅಂಗಡಿಯಿಂದ ಲಂಡನ್‌ಗೆ

ಹಂಫ್ರಿ ಡೇವಿ ಹುಟ್ಟಿದ್ದು 1778ರ ಡಿಸೆಂಬರ್ 17ರಂದು, ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದ ಪೆನ್ಜಾನ್ಸ್ ಎಂಬ ಊರಿನಲ್ಲಿ. ತಂದೆ ಮರಗೆತ್ತನೆ ಕೆಲಸದವರು. ಡೇವಿಗೆ ಹದಿನಾರು ತುಂಬುವ ಮೊದಲೇ ತಂದೆ ತೀರಿಕೊಂಡರು. ಮನೆಗೆ ಆಸರೆಯಾಗಬೇಕಿದ್ದ ಹುಡುಗ ಊರಿನ ವೈದ್ಯರೊಬ್ಬರ ಬಳಿ ಔಷಧಿ ತಯಾರಿಸುವ ಕೆಲಸ ಕಲಿಯಲು ಸೇರಿದ. ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಪುಸ್ತಕ ಓದಿ, ಸಿಕ್ಕಿದ ಪಾತ್ರೆ-ಕೊಳವೆಗಳಲ್ಲೇ ಪ್ರಯೋಗ ಮಾಡಿ ರಸಾಯನಶಾಸ್ತ್ರ ಕಲಿತ.

1798ರಲ್ಲಿ ಬ್ರಿಸ್ಟಲ್ ನಗರದಲ್ಲಿ ಗಾಳಿಗಳಿಂದ ರೋಗ ಗುಣಪಡಿಸಬಹುದೇ ಎಂದು ಪರೀಕ್ಷಿಸುತ್ತಿದ್ದ ಸಂಸ್ಥೆಯೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಡೇವಿ ಅನಿಲಗಳನ್ನು ತನ್ನ ಮೇಲೆಯೇ ಪ್ರಯೋಗಿಸಿಕೊಳ್ಳುತ್ತಿದ್ದ. ನಗೆ ಅನಿಲ ಎಂದು ಕರೆಯುವ ನೈಟ್ರಸ್ ಆಕ್ಸೈಡ್ ಎಳೆದುಕೊಂಡು ಅದರಿಂದ ನೋವು ಕಡಿಮೆಯಾಗುವುದನ್ನು ಗುರುತಿಸಿದ. ಶಸ್ತ್ರಚಿಕಿತ್ಸೆಯಲ್ಲಿ ಇದನ್ನು ಬಳಸಬಹುದೆಂದು 1800ರಲ್ಲೇ ಬರೆದ. ಅದು ಆಚರಣೆಗೆ ಬರಲು ಮತ್ತೆ ನಲವತ್ತು ವರ್ಷಗಳ ಮೇಲೆ ಬೇಕಾಯಿತು. ಅದೇ ಹುಮ್ಮಸ್ಸಿನಲ್ಲಿ ಇಂಗಾಲದ ಮಾನಾಕ್ಸೈಡ್ ಇದ್ದ ಅನಿಲವನ್ನೂ ಎಳೆದುಕೊಂಡು ಸಾವಿನ ಬಾಗಿಲಿಗೆ ಹೋಗಿ ಬಂದ.

1801ರಲ್ಲಿ ಲಂಡನ್ನಿನ ರಾಯಲ್ ಇನ್ಸ್ಟಿಟ್ಯೂಷನ್ ಆತನನ್ನು ಕರೆಸಿಕೊಂಡಿತು. ಅಲ್ಲಿ ಆತ ಕೊಡುತ್ತಿದ್ದ ಪ್ರಾತ್ಯಕ್ಷಿಕೆಗಳನ್ನು ನೋಡಲು ಜನ ಮುಗಿಬೀಳುತ್ತಿದ್ದರು. ಇಂದಿನ ವಿಜ್ಞಾನ ಯೂಟ್ಯೂಬರ್‌ಗಳಿಗೆ ಡೇವಿಯನ್ನು ಮುತ್ತಜ್ಜ ಎಂದರೂ ತಪ್ಪಿಲ್ಲ.

1807: ಎರಡು ಹೊಸ ಲೋಹಗಳು

ವಿದ್ಯುತ್ ಕೋಶವನ್ನು ವೋಲ್ಟಾ ಆಗಷ್ಟೇ ಪರಿಚಯಿಸಿದ್ದರು. ಅಂಥ ಕೋಶಗಳನ್ನು ಸಾಲಾಗಿ ಜೋಡಿಸಿ ಡೇವಿ ದೊಡ್ಡ ಬ್ಯಾಟರಿ ಮಾಡಿದ. 1807ರ ಅಕ್ಟೋಬರ್ 6ರಂದು ಸ್ವಲ್ಪವೇ ತೇವವಿದ್ದ ಕಾಸ್ಟಿಕ್ ಪೊಟ್ಯಾಷ್ ಮೂಲಕ ವಿದ್ಯುತ್ ಹರಿಸಿದಾಗ ಪಾದರಸದ ಹನಿಗಳಂತೆ ಹೊಳೆಯುವ ಸಣ್ಣ ಗುಂಡುಗಳು ಕಾಣಿಸಿಕೊಂಡವು. ಕೆಲವು ಗಾಳಿ ಸೋಕಿದ ಕೂಡಲೇ ಹೊತ್ತಿಕೊಂಡವು. ಅದು ಪೊಟ್ಯಾಸಿಯಂ. ಖುಷಿಗೆ ಡೇವಿ ಪ್ರಯೋಗಾಲಯದಲ್ಲೇ ಕುಣಿದಾಡಿದ್ದನ್ನು ಜೊತೆಗಿದ್ದ ಸೋದರ ಸಂಬಂಧಿ ಬರೆದಿಟ್ಟಿದ್ದಾರೆ. ಕೆಲವೇ ದಿನಗಳಲ್ಲಿ ಕಾಸ್ಟಿಕ್ ಸೋಡಾದಿಂದ ಸೋಡಿಯಂ ಕೂಡ ಸಿಕ್ಕಿತು. ಮರುವರ್ಷ ಮೆಗ್ನೀಸಿಯಂ, ಕ್ಯಾಲ್ಸಿಯಂ, ಸ್ಟ್ರಾನ್ಷಿಯಂ, ಬೇರಿಯಂ ಲೋಹಗಳನ್ನೂ ಬೇರ್ಪಡಿಸಿದ. ನಮ್ಮ ಹಾವೇರಿ ಸೀಮೆ ಇನ್ನೂ ಪೇಶ್ವೆಗಳ ಆಳ್ವಿಕೆಯಲ್ಲಿದ್ದ ಕಾಲವದು.

ಲೋಹ ಸಿಕ್ಕಿತು, ಇಡುವುದು ಎಲ್ಲಿ? ಗಾಳಿಯಲ್ಲಿಟ್ಟರೆ ಕೆಡುತ್ತದೆ, ನೀರಿನಲ್ಲಿಟ್ಟರೆ ಉರಿಯುತ್ತದೆ. ಡೇವಿ ಅದನ್ನು ನಾಫ್ತಾ ಎಂಬ ಖನಿಜ ಎಣ್ಣೆಯಲ್ಲಿ ಮುಳುಗಿಸಿಟ್ಟ. ಇನ್ನೂರು ವರ್ಷ ಕಳೆದರೂ ಉಪಾಯ ಬದಲಾಗಿಲ್ಲ. ನಮ್ಮ ಕಾಲೇಜುಗಳ ಪ್ರಯೋಗಾಲಯದ ಕಪಾಟಿನಲ್ಲಿ ಸೋಡಿಯಂ ಇಂದಿಗೂ ಇರುವುದು ಸೀಮೆಎಣ್ಣೆಯಲ್ಲಿ, ನಮ್ಮ ಕಡೆಯ ಮಾತಿನಲ್ಲಿ ಚಿಮಣಿ ಎಣ್ಣೆಯಲ್ಲಿ, ಮುಳುಗಿಕೊಂಡೇ.

ಅದು ಸಿಡಿಯುವುದು ಏಕೆ?

ಸೋಡಿಯಂ ಚಾಕುವಿನಿಂದ ಕತ್ತರಿಸಬಹುದಾದಷ್ಟು ಮೆತ್ತಗಿನ ಲೋಹ. ನೀರಿಗಿಂತ ಸ್ವಲ್ಪ ಹಗುರ, ಹಾಗಾಗಿ ತೇಲುತ್ತದೆ. ನೀರು ತಾಗಿದರೆ ಹೈಡ್ರೋಜನ್ ಅನಿಲ, ಕಾಸ್ಟಿಕ್ ಸೋಡಾ ಮತ್ತು ಬಹಳಷ್ಟು ಶಾಖ ಹುಟ್ಟುತ್ತವೆ. ಸುಮಾರು 98 ಡಿಗ್ರಿ ಸೆಲ್ಸಿಯಸ್‌ಗೆ ಲೋಹವೇ ಕರಗಿ ಉಂಡೆಯಾಗಿ ಓಡಾಡತೊಡಗುತ್ತದೆ. ಶಾಖಕ್ಕೆ ಹೈಡ್ರೋಜನ್ ಹೊತ್ತಿಕೊಳ್ಳಬಹುದು. 2015ರಲ್ಲಿ ಪ್ರಕಟವಾದ ಸಂಶೋಧನೆ ಇನ್ನೊಂದು ಕಾರಣವನ್ನೂ ತೋರಿಸಿತು. ಲೋಹದ ಮೇಲ್ಮೈಯಿಂದ ಎಲೆಕ್ಟ್ರಾನ್‌ಗಳು ಕ್ಷಣಮಾತ್ರದಲ್ಲಿ ನೀರಿಗೆ ಹಾರುತ್ತವೆ. ಉಳಿದ ಧನ ವಿದ್ಯುದಂಶದ ಕಣಗಳು ಒಂದನ್ನೊಂದು ತಳ್ಳಿ ಲೋಹ ಮುಳ್ಳುಮುಳ್ಳಾಗಿ ಒಡೆಯುತ್ತದೆ. ಆಗ ಇನ್ನಷ್ಟು ಹೊಸ ಲೋಹ ನೀರಿಗೆ ತಾಗುತ್ತದೆ.

ಬರೀ 23 ಗ್ರಾಂ ಸೋಡಿಯಂ ಪೂರ್ತಿ ವರ್ತಿಸಿದರೆ ಸುಮಾರು 12 ಲೀಟರ್ ಹೈಡ್ರೋಜನ್, 40 ಗ್ರಾಂ ಕಾಸ್ಟಿಕ್ ಸೋಡಾ ಬರುತ್ತವೆ. ಆ ಕಾಸ್ಟಿಕ್ ಸೋಡಾ ನೀರಿನಲ್ಲೇ ಉಳಿಯುತ್ತದೆ. ವಿಡಿಯೋದಲ್ಲಿ ಕಾಣಿಸದ ಅಪಾಯ ಇದೇ. ಸಿಡಿತದಲ್ಲಿ ಹಾರುವ ಕಾಸ್ಟಿಕ್ ಹನಿಗಳೂ ಉರಿಯುವ ಲೋಹದ ಚೂರುಗಳೂ ನೇರವಾಗಿ ಮುಖಕ್ಕೆ, ಕಣ್ಣಿಗೆ ಬರುತ್ತವೆ. ಕ್ಷಾರ ತಾಗಿದ ಕಣ್ಣು ಹೋಗುವ ಸಾಧ್ಯತೆ ಇರುತ್ತದೆ.

ಹಾಗಾದರೆ ಉಪ್ಪು? ಸೋಡಿಯಂ ತನ್ನ ಒಂದು ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಕೊಟ್ಟಾದ ಮೇಲೆ ಶಾಂತವಾಗುತ್ತದೆ. ಆ ಶಾಂತ ರೂಪವೇ ಉಪ್ಪು. ಬ್ಯಾಡಗಿ ಮೆಣಸಿನಕಾಯಿಯ ಖಾರಕ್ಕೆ ಹಾಕುವ ಉಪ್ಪಿನಲ್ಲಿ ಸಿಡಿಯುವಂಥದ್ದು ಏನೂ ಇಲ್ಲ. ಉಪ್ಪಿನಲ್ಲಿ ಸ್ಫೋಟಕ ಇದೆ ಎಂಬ ಫಾರ್ವರ್ಡ್ ಬಂದರೆ ಅಲ್ಲೇ ಅಳಿಸಿಬಿಡಿ.

ಎಚ್ಚರಿಕೆ ಬಂದಿತ್ತು, ಆದರೂ

1812 ಡೇವಿಯ ಬದುಕಿನಲ್ಲಿ ಏರಿನ ವರ್ಷ. ನೈಟ್ ಪದವಿ ಬಂತು, ಮದುವೆಯಾಯಿತು. ಅದೇ ವರ್ಷ ಪ್ಯಾರಿಸ್‌ನಿಂದ ಆಂಪಿಯರ್ ಬರೆದ ಪತ್ರವೊಂದು ತಲುಪಿತು. ನೈಟ್ರೋಜನ್ ಮತ್ತು ಕ್ಲೋರಿನ್ ಸೇರಿ ಆಗುವ, ಮುಟ್ಟಿದರೆ ಸಿಡಿಯುವ ಎಣ್ಣೆಯಂಥ ಹೊಸ ವಸ್ತುವಿನ ಸುದ್ದಿ ಅದರಲ್ಲಿತ್ತು. ಅದನ್ನು ಕಂಡುಹಿಡಿದ ಡ್ಯುಲಾಂಗ್ ಎಂಬ ಯುವ ವಿಜ್ಞಾನಿ ಕಣ್ಣು, ಬೆರಳು ಕಳೆದುಕೊಂಡ ವಿಷಯವೂ ಅದರಲ್ಲೇ ಇತ್ತು. ಅಷ್ಟು ಓದಿದ ಮೇಲೂ ಡೇವಿ ಅದನ್ನು ತಯಾರಿಸಲು ಹೊರಟ. ಗಾಜಿನ ಕೊಳವೆ ಸಿಡಿದು ಚೂರು ಕಣ್ಣಿಗೆ ಹೊಕ್ಕಿತು. ಕೆಲಕಾಲ ಓದು-ಬರಹಕ್ಕೂ ತೊಂದರೆಯಾಯಿತು.

ಆಗ ಬರೆದುಕೊಡಲು ನೆರವಿಗೆ ಬಂದವನು ಪುಸ್ತಕ ರಟ್ಟು ಕಟ್ಟುವ ಕೆಲಸ ಕಲಿತಿದ್ದ ಬಡ ಹುಡುಗ ಮೈಕೆಲ್ ಫ್ಯಾರಡೆ. 1813ರಲ್ಲಿ ಆತ ಡೇವಿಯ ಸಹಾಯಕನಾಗಿ ನೇಮಕಗೊಂಡ. ಮುಂದೆ ವಿದ್ಯುತ್ ಮೋಟಾರು, ಡೈನಮೊಗಳಿಗೆ ತಳಹದಿ ಹಾಕಿದವನು ಈತನೇ. ಅಪಘಾತದಿಂದಲೇ ಫ್ಯಾರಡೆ ಸಿಕ್ಕನಲ್ಲ, ಒಳ್ಳೆಯದೇ ಆಯಿತು ಎಂದು ಕೆಲವರು ಹೇಳುವುದುಂಟು. ನಾವು ಹಾಗೆ ಹೇಳುವುದಿಲ್ಲ. ಸಹಾಯಕನನ್ನು ಹುಡುಕಲು ಕಣ್ಣು ಒತ್ತೆ ಇಡಬೇಕಿರಲಿಲ್ಲ.

1812ರಲ್ಲೇ ಇಂಗ್ಲೆಂಡಿನ ಫೆಲಿಂಗ್ ಕಲ್ಲಿದ್ದಲು ಗಣಿಯಲ್ಲಿ ಅನಿಲ ಸ್ಫೋಟವಾಗಿ 92 ಮಂದಿ, ಮಕ್ಕಳೂ ಸೇರಿ, ಸತ್ತಿದ್ದರು. 1815ರಲ್ಲಿ ಡೇವಿ ದೀಪದ ಜ್ವಾಲೆಯ ಸುತ್ತ ತಂತಿ ಬಲೆ ಕಟ್ಟಿ ಗಣಿಯ ಅನಿಲಕ್ಕೆ ಬೆಂಕಿ ತಾಗದಂತೆ ಮಾಡುವ ದೀಪ ರೂಪಿಸಿದ. ಬಲೆ ಶಾಖವನ್ನು ಹೀರಿಕೊಂಡು ಜ್ವಾಲೆಯನ್ನು ಒಳಗೇ ತಡೆಯುತ್ತದೆ. ಪೇಟೆಂಟ್ ತೆಗೆದುಕೊಂಡು ಹಣ ಮಾಡಬಹುದಿತ್ತು, ಮಾಡಲಿಲ್ಲ. 1820ರಿಂದ 1827ರವರೆಗೆ ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದ. ಕೊನೆಯ ವರ್ಷಗಳಲ್ಲಿ ಪಾರ್ಶ್ವವಾಯು ಹೊಡೆಯಿತು. 1829ರ ಮೇ 29ರಂದು ಜಿನೀವಾದಲ್ಲಿ, ಐವತ್ತನೇ ವಯಸ್ಸಿನಲ್ಲಿ ತೀರಿಕೊಂಡ.

ಪ್ರಯೋಗಾಲಯದಲ್ಲಿ ಗಮನಿಸಬೇಕಾದ್ದು

ಪಿಯು ವಿಜ್ಞಾನದ ಮಕ್ಕಳು ಸೋಡಿಯಂ ಹೆಸರನ್ನು ಲಸೇನ್ ಪರೀಕ್ಷೆಯಲ್ಲಿ ಕೇಳಿರುತ್ತಾರೆ. ಸೋಡಿಯಂ ಜೊತೆ ಕಾಯಿಸಿದ ಕೆಂಪಗಿನ ಕೊಳವೆಯನ್ನು ಶುದ್ಧ ನೀರಿನಲ್ಲಿ ಅದ್ದುವ ಹಂತವೇ ಅಲ್ಲಿ ಅಪಾಯದ್ದು. ವರ್ತಿಸದೆ ಉಳಿದ ಸೋಡಿಯಂ ಅಲ್ಲಿ ನೀರಿಗೆ ತಾಗುತ್ತದೆ.

- ಶಿಕ್ಷಕರಿಲ್ಲದೆ ಡಬ್ಬಿ ತೆರೆಯಬೇಡಿ. ಕನ್ನಡಕ ಹಾಕದೆ ಹತ್ತಿರ ನಿಲ್ಲಬೇಡಿ.
- ತುಂಡು ಕಡಲೆಕಾಳಿಗಿಂತ ಚಿಕ್ಕದಿರಲಿ. ಚಿಮ್ಮಟ, ಚಾಕು, ಕೈ ಎಲ್ಲವೂ ಒಣಗಿರಲಿ. ಬರಿಗೈಯಲ್ಲಿ ಮುಟ್ಟಬೇಡಿ.
- ಉಳಿದ ಚೂರನ್ನು ಸಿಂಕಿಗೆ, ಕಸದ ಬುಟ್ಟಿಗೆ ಹಾಕಬೇಡಿ. ಅದನ್ನು ಆಲ್ಕೋಹಾಲ್‌ನಲ್ಲಿ ನಿಧಾನವಾಗಿ ನಾಶ ಮಾಡುವುದು ತರಬೇತಿ ಇದ್ದವರ ಕೆಲಸ.
- ಬೆಂಕಿ ಹೊತ್ತಿದರೆ ನೀರು, ಒದ್ದೆ ಗೋಣಿಚೀಲ, ನೊರೆ, ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಯಾವುದೂ ಬೇಡ. ಪೂರ್ತಿ ಒಣಗಿದ ಮರಳು ಅಥವಾ ಲೋಹದ ಬೆಂಕಿಗೆಂದೇ ಇರುವ ಪುಡಿ ಮುಚ್ಚಿ.
- ಚರ್ಮಕ್ಕೆ ತಾಗಿದರೆ ಒಣ ಚಿಮ್ಮಟದಿಂದ ಚೂರು ತೆಗೆದು, ಆಮೇಲೆ ಹರಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ ತೊಳೆಯಿರಿ. ಕಣ್ಣಿಗೆ ಹಾರಿದರೆ ತಡಮಾಡದೆ ನೀರು ಹಾಯಿಸುತ್ತಲೇ 108ಕ್ಕೆ ಕರೆ ಮಾಡಿ. ನಿಂಬೆರಸ, ಮೊಸರು, ಟೂತ್‌ಪೇಸ್ಟ್ ಹಚ್ಚಬೇಡಿ.

ಮನೆಯಲ್ಲೂ ಒಂದು ಮಾತು ನೆನಪಿರಲಿ. ಕ್ಲೋರಿನ್ ಒಂದು ಮೂಲವಸ್ತು ಎಂದು ತೋರಿಸಿ 1810ರಲ್ಲಿ ಅದಕ್ಕೆ ಹೆಸರಿಟ್ಟವನೂ ಡೇವಿಯೇ. ಬ್ಲೀಚಿಂಗ್ ಪುಡಿಗೆ ಶೌಚಾಲಯ ತೊಳೆಯುವ ಆಸಿಡ್ ಬೆರೆಸಿದರೆ ಹೊರಬರುವುದು ಅದೇ ವಿಷಾನಿಲ.

ಕೃಷಿ ಹೊಂಡ ನಮ್ಮ ಕಡೆ ಮಳೆ ಕೈಕೊಟ್ಟಾಗ ಬೆಳೆ ಉಳಿಸಲು ತೋಡಿಸಿದ್ದು. ದನಕರು ಅದರ ದಂಡೆಗೆ ಬರುತ್ತವೆ, ಮಕ್ಕಳೂ ಬರುತ್ತಾರೆ. ಸಿಡಿಯುವ ವಿಡಿಯೋ ಇನ್ನೊಮ್ಮೆ ಬಂದರೆ ಹಾಗೇ ಮುಂದೆ ಕಳಿಸಬೇಡಿ. ಕಳಿಸಲೇಬೇಕೆನಿಸಿದರೆ ಜೊತೆಗೆ ಇದನ್ನೂ ಕಳಿಸಿ. ಡೇವಿಗೆ ಬಂದ ಪತ್ರದಲ್ಲಿ ಎಚ್ಚರಿಕೆಯಾದರೂ ಇತ್ತು. ನಮ್ಮ ಮಕ್ಕಳ ಮೊಬೈಲಿಗೆ ಬರುವ ಈ ವಿಡಿಯೋಗಳಲ್ಲಿ ಎಷ್ಟೋ ಸಲ ಅದೂ ಇರುವುದಿಲ್ಲ.